ಎಲೆಸಿಯ ಸುಳ್ಳು ಹೆರಿಗೆಗಳು

ಮಲಾವಿ ದೇಶದ ಲಿಕುಂಬೆ ಊರಿನ ನರ್ಸಿಂಗ್ ಶಾಲೆಯ ಹುಡುಗಿಯರು ಪಾಠ ಹೇಳುವವರಿಗಿಂತ ಹೆಚ್ಚು ಹೆದರುತ್ತಿದ್ದದ್ದು ಎಲೆಸಿ ಮ್ಬೆಂದೆರ ಎಂಬ ಹೆಂಗಸಿಗೆ. ಎಲೆಸಿ ನರ್ಸ್ ಅಲ್ಲ. ಬೆಳಗಿನ ಹೊತ್ತು ಬಸ್ ನಿಲ್ದಾಣದ ಮಗ್ಗುಲಲ್ಲಿ ಬಾಣಲೆ ಇಟ್ಟು ಮಂದಾಸಿ ಎಂಬ ಸಿಹಿ ಹಿಟ್ಟಿನ ಉಂಡೆ ಕರಿದು ಮಾರುವವಳು. ವಾರದಲ್ಲಿ ಕೆಲವು ಮಧ್ಯಾಹ್ನ ಶಾಲೆಯ ಅಭ್ಯಾಸದ ಕೋಣೆಗೆ ಬಂದು, ರಬ್ಬರಿನ ಬಸುರಿ ಹೊಟ್ಟೆಯೊಂದನ್ನು ಸೊಂಟಕ್ಕೆ ಬಿಗಿದುಕೊಂಡು, ಮಂಚದ ಮೇಲೆ ಮಲಗಿ ಹೆರುತ್ತಿದ್ದಳು.

ಆ ಹೊಟ್ಟೆಯೊಳಗೆ ಒಂದು ಬೊಂಬೆ ಮಗು, ಬಟ್ಟೆಯ ಮಾಸು, ಕೆಂಪು ನೀರು ತುಂಬಿದ ಚೀಲ. ಹೊದಿಕೆಯ ಕೆಳಗೆ ಅವಳ ಬಲಗೈಗೆ ಎಟಕುವಂತೆ ಪುಟ್ಟದೊಂದು ನಲ್ಲಿ. ತಿರುಗಿಸಿದರೆ ರಕ್ತ ಹರಿಯುತ್ತದೆ. ಎಡಗೈಯಲ್ಲಿ ಒಂದು ರಬ್ಬರ್ ಗುಂಡು. ಒತ್ತಿದರೆ ಗರ್ಭಕೋಶ ಗಟ್ಟಿಯಾಗುತ್ತದೆ, ಬಿಟ್ಟರೆ ಹಿಟ್ಟಿನ ಮುದ್ದೆಯಂತೆ ಮೆತ್ತಗಾಗುತ್ತದೆ. ಕಲಿಯುವ ಹುಡುಗಿ ಹೊಟ್ಟೆಯನ್ನು ಸರಿಯಾಗಿ ಉಜ್ಜಿ, ಹೊತ್ತಿಗೆ ಸರಿಯಾಗಿ ಸೂಜಿ ಕೊಟ್ಟರೆ ಎಲೆಸಿ ಗುಂಡು ಒತ್ತಿ ನಲ್ಲಿ ನಿಲ್ಲಿಸುವಳು. ತಡವರಿಸಿದಳೋ, ಕೆಂಪು ನೀರು ಮಂಚದಿಂದ ನೆಲಕ್ಕೆ, ನೆಲದಿಂದ ಹುಡುಗಿಯ ಬಿಳಿ ಷೂಗಳ ಅಡಿಗೆ.

"ಏನೇ ಎಲೆಸಿ, ಇವತ್ತು ಎಷ್ಟನೇದು?" ಎಂದು ಸಂತೆಯ ಹೆಂಗಸರು ಅವಳನ್ನು ಕಿಚಾಯಿಸುತ್ತಿದ್ದರು. "ಬೆಳಿಗ್ಗೆ ಮಂದಾಸಿ, ಮಧ್ಯಾಹ್ನ ಮಗು. ನಿನ್ನ ಗಂಡ ಸತ್ತು ಇಷ್ಟು ವರ್ಷವಾದ್ರೂ ಬಿಡುವೇ ಇಲ್ವಲ್ಲೇ ನಿಂಗೆ!"

"ನಿಮ್ಮ ಗಂಡಂದಿರು ಇದ್ದೂ ಏನು ಕಡಿದು ಕಟ್ಟೆ ಹಾಕಿದ್ರು, ಸುಮ್ನಿರ್ರೇ," ಎನ್ನುವಳು ಎಲೆಸಿ, ಎಣ್ಣೆಯಿಂದ ಕಣ್ಣೆತ್ತದೆ.

ಅವಳು ಆ ಕೆಲಸಕ್ಕೆ ಬಿದ್ದದ್ದು ಹೀಗೆ. ಮೊದಲು ಅವಳು ಅಲ್ಲಿ ಕಸ ಗುಡಿಸುತ್ತಿದ್ದಳು. ಆಗ ಹುಡುಗಿಯರೇ ಸರದಿಯ ಮೇಲೆ ಆ ಹೊಟ್ಟೆ ಕಟ್ಟಿಕೊಂಡು ಮಲಗುತ್ತಿದ್ದರು. ಒಬ್ಬಳು ನಾಟಕದವಳಂತೆ ಕಿರುಚುವಳು, ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಗುವರು. ಒಂದು ದಿನ ಎಲೆಸಿಗೆ ತಡೆಯಲಾಗಲಿಲ್ಲ. ಪೊರಕೆ ಗೋಡೆಗೆ ಒರಗಿಸಿ, "ಹಂಗೆ ಯಾರೂ ಕೂಗಲ್ಲಮ್ಮಾ," ಎಂದಳು. "ಕೂಗಿದ್ರೆ ಬೈಸ್ಕೋಬೇಕಾಗುತ್ತೆ ಅಂತ ಚಿತೆಂಜೆ ಕಚ್ಕೊಂಡಿರ್ತೀವಿ." ಎಂದವಳೇ ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ಅಂಚನ್ನು ಹಲ್ಲಿಗೆ ಕೊಟ್ಟು, ಮೂಗಿನಿಂದ ಒಂದು ಸದ್ದು ತೆಗೆದಳು. ಕೋಣೆಯಲ್ಲಿದ್ದವರ ನಗು ಅಲ್ಲಿಗೇ ನಿಂತಿತು. ಪಾಠ ಹೇಳುತ್ತಿದ್ದ ಚಿಲೊಮೊ ಮೇಡಂ ಅವಳನ್ನೇ ನೋಡುತ್ತ ನಿಂತರು. ಮುಂದಿನ ವಾರದಿಂದ ಮಂಚದ ಮೇಲೆ ಎಲೆಸಿ.

ಆ ಸದ್ದು ಎಲ್ಲಿಂದ ಬಂದಿತ್ತೆಂಬುದನ್ನು ಅವಳು ಮೇಡಂಗೆ ಮಾತ್ರ ಹೇಳಿದ್ದಳು. ಮೊದಲ ಮಗಳು ಫೈನೆಸಿ ಹುಟ್ಟಿದ ಮೇಲೆ ಎಲೆಸಿ ಇನ್ನೊಂದು ಮಗುವನ್ನು ಹೆತ್ತಿದ್ದಳು. ಬೇರೆ ಊರು, ಚಿಕ್ಕ ಆಸ್ಪತ್ರೆ. ನರ್ಸ್ ಎಲ್ಲ ಕೆಲಸವನ್ನೂ ಮಾಡಿದಳು, ಒಂದೇ ಒಂದು ಮಾತಾಡಲಿಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದಳು. ಎಲೆಸಿ ಕಾಯುತ್ತಲೇ ಇದ್ದಳು. ಕೊನೆಗೆ ನೆಲ ಒರೆಸಲು ಬಂದ ಮುದುಕ, "ಮನೆಯಿಂದ ಯಾರನ್ನಾದ್ರೂ ಕರೆಸಮ್ಮಾ, ಮಣ್ಣು ಮಾಡ್ಬೇಕಲ್ಲ" ಎಂದಾಗಲೇ ಅವಳಿಗೆ ತಿಳಿದದ್ದು. ಮಗು ಸತ್ತ ದುಃಖ ಹೇಗೋ ಅಡಗಿತು. ಆ ನರ್ಸಿನ ಮೌನ ಮಾತ್ರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅದಕ್ಕೇ ಪ್ರತಿ ಅಭ್ಯಾಸ ಮುಗಿದ ಮೇಲೆ ಮೇಡಂ, "ತಾಯಿಗೆ ಹೇಗನ್ನಿಸಿತು?" ಎಂದು ಕೇಳಿದಾಗ ಎಲೆಸಿ ಸೂಜಿ, ನಳಿಗೆಗಳ ಮಾತೆತ್ತುತ್ತಿರಲಿಲ್ಲ. ಅದು ಅವಳಿಗೆ ತಿಳಿಯುತ್ತಲೂ ಇರಲಿಲ್ಲ. "ನನ್ನ ಹೆಸರು ಕೇಳಿದ್ಳು," ಎನ್ನುವಳು. "ಕೈ ಹಾಕೋ ಮುಂಚೆ ಹೇಳಿದ್ಳು." ಅಥವಾ, "ನನ್ನ ಮೊಣಕಾಲ ಹತ್ರ ಮಾತಾಡಿದ್ಳು, ನನ್ನ ಹತ್ರ ಅಲ್ಲ." ಪರೀಕ್ಷೆಯಲ್ಲಿ ತಾಯಿಯ ಅಂಕವೂ ಸೇರುತ್ತದೆಂದು ಮೇಡಂ ನಿಯಮ ಮಾಡಿದರು. ಅಲ್ಲಿ ಅಂಕ ಸಾಲದೆ ಬಿದ್ದವರು ಮೂರು ತಿಂಗಳು ಬಿಟ್ಟು ಮತ್ತೆ ಬರಬೇಕು.

ಲುಸುಂಗು ಮ್ಸುಕ್ವ ಬಿದ್ದದ್ದು ಅಲ್ಲಿಯೇ.

ಲುಸುಂಗು ಮಲಾವಿಯ ಬಡಗಣ ತುದಿಯ ಹುಡುಗಿ, ಕರೊಂಗದ ಕಡೆಯವಳು. ಈ ತೆಂಕಣ ಸೀಮೆಯ ಮಾತು ಅವಳ ಬಾಯಲ್ಲಿ ಸ್ವಲ್ಪ ಗಡಸಾಗಿ ಬರುತ್ತಿತ್ತು. ಹುಡುಗಿಯರು ಆಡಿಕೊಳ್ಳುತ್ತಾರೆಂದೋ ಏನೋ ಅವಳು ಮಾತನ್ನೇ ಕಡಿಮೆ ಮಾಡಿದ್ದಳು. ಕೈ ಮಾತ್ರ ಮಿಂಚು. ಆ ದಿನ ಎಲೆಸಿ ನಲ್ಲಿಯನ್ನು ಪೂರ್ತಿ ತಿರುಗಿಸಿ, ಗುಂಡನ್ನು ಬಿಟ್ಟು, ಕಣ್ಣು ಮೇಲೆ ಮಾಡಿ ಮಲಗಿದಳು. ಬೇರೆ ಹುಡುಗಿಯರು ಇಲ್ಲಿ ಬೆವೆತುಬಿಡುತ್ತಿದ್ದರು. ಲುಸುಂಗು ಹೊಟ್ಟೆ ಉಜ್ಜಿದಳು, ಸೂಜಿ ಕೊಟ್ಟಳು, ಮೂತ್ರದ ನಳಿಗೆ ಇಟ್ಟಳು, ಮಾಸನ್ನು ಬೆಳಕಿಗೆ ಹಿಡಿದು ತುಣುಕು ಉಳಿದಿದೆಯೇ ಎಂದು ನೋಡಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಒಂದು ಮಾತೂ ಆಡಲಿಲ್ಲ. "ಸಿಸ್ಟರ್, ನಂಗೇನಾಗ್ತಿದೆ?" ಎಂದು ಎಲೆಸಿ ನರಳಿದಳು. ಉತ್ತರವಿಲ್ಲ. "ನನ್ನ ಮಗು ಎಲ್ಲಿ ಸಿಸ್ಟರ್?" ಉತ್ತರವಿಲ್ಲ. ಬೊಂಬೆ ಮಗುವನ್ನು ಸುತ್ತಿ ಪಕ್ಕದ ಮೇಜಿನ ಮೇಲೆ ಇಟ್ಟ ರೀತಿ ನೋಡಿ ಎಲೆಸಿಗೆ ಆ ಚಿಕ್ಕ ಆಸ್ಪತ್ರೆ ನೆನಪಾಯಿತು.

"ತಾಯಿಗೆ ಹೇಗನ್ನಿಸಿತು?"

"ಕೈ ಚಿನ್ನ," ಎಂದಳು ಎಲೆಸಿ. "ಆದ್ರೆ ನಾನು ಅಲ್ಲಿ ಇರ್ಲೇ ಇಲ್ಲ. ಇದ್ದಿದ್ದು ಬರೀ ಹೊಟ್ಟೆ."

ಲುಸುಂಗುವಿನ ಮುಖ ಬಿಗಿದುಕೊಂಡಿತು. "ರಕ್ತ ಸುರೀತಿರುವಾಗ ಹರಟೆ ಹೊಡೀತಾ ಕೂರ್ಲಾ ಮೇಡಂ? ಬದುಕಿದ್ದಾಳಲ್ಲ, ಸಾಲ್ದಾ?"

ಸಂಜೆ ಚಿಲೊಮೊ ಮೇಡಂ ಎಲೆಸಿಯನ್ನು ಪಕ್ಕಕ್ಕೆ ಕರೆದರು. "ಅಮಾಯಿ, ಇನ್ನೊಂದ್ಸಲ ಯೋಚ್ನೆ ಮಾಡಿ. ಇವಳು ಈ ವರ್ಷದವರಲ್ಲೇ ಒಳ್ಳೇ ಹುಡುಗಿ. ಅವಳ ಊರಿನ ಆಸ್ಪತ್ರೇಲಿ ಜಾಗ ಖಾಲಿ ಇದೆ. ಈಗ ಬಿಟ್ರೆ ಮತ್ತೆ ಸಿಗಲ್ಲ."

"ನೀವು ಕೇಳಿದ್ರಿ, ಹೇಳ್ದೆ. ಸುಳ್ಳು ಹೇಳ್ಬೇಕಿದ್ರೆ ನನ್ನನ್ಯಾಕೆ ಮಲಗಿಸ್ತೀರಿ, ಬೊಂಬೇನೇ ಮಲಗ್ಸಿ," ಎಂದುಬಿಟ್ಟಳು ಎಲೆಸಿ.

ಲುಸುಂಗುವಿನ ಜೊತೆಯವರೆಲ್ಲ ತಂತಮ್ಮ ಊರಿಗೆ ಹೋದರು. ಅವಳು ಉಳಿದಳು, ಮೂರು ತಿಂಗಳಾದ ಮೇಲೆ ಮತ್ತೆ ಮಲಗಿದ ಎಲೆಸಿಯ ಮುಂದೆ ಗಿಣಿಪಾಠದಂತೆ ನಾಲ್ಕು ಮಾತು ಒಪ್ಪಿಸಿ ಪಾಸಾದಳು. ಅಷ್ಟು ಹೊತ್ತಿಗೆ ಕರೊಂಗದ ಜಾಗ ಹೋಗಿತ್ತು. ಅವಳನ್ನು ಹಾಕಿದ್ದು ಲಿಕುಂಬೆಯ ಆಸ್ಪತ್ರೆಗೇ, ಹೆರಿಗೆ ವಾರ್ಡಿಗೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವಳು ಎಲೆಸಿಯ ಬಾಣಲೆಯ ಮುಂದಿನಿಂದಲೇ ದಾಟಿ, ಎದುರು ಬದಿಯ ಮುದುಕಿಯ ಹತ್ತಿರ ಮಂದಾಸಿ ಕೊಳ್ಳುತ್ತಿದ್ದಳು. ಆ ಮುದುಕಿಯ ಮಂದಾಸಿ ಕಲ್ಲಿನಂತಿರುತ್ತಿತ್ತು.

ಮಾರನೆಯ ವರ್ಷ ಫೈನೆಸಿ ಬಸುರಾದಳು. ಚೊಚ್ಚಲು. ದಿನ ತುಂಬಿದ ಮೇಲೆ ಎಲೆಸಿ ಮಗಳನ್ನು ಆಸ್ಪತ್ರೆಯ ಹಿಂದಿನ ಕಾಯುವವರ ಚಾವಡಿಗೆ ಕರೆತಂದು, ಒಲೆ ಹೂಡಿ ಅಲ್ಲಿಯೇ ಉಳಿದಳು. ಮೂವರು ನರ್ಸುಗಳಿದ್ದಾರಲ್ಲ, ಬೇರೆ ಯಾರಾದರೂ ಸಿಗುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು. ಒಂದು ಮಧ್ಯಾಹ್ನ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ಮುದ್ದೆ ತೊಳಸುತ್ತಿದ್ದಾಗ ಫೈನೆಸಿ ಚಾವಡಿಯ ಕಂಬ ಹಿಡಿದು ನಿಂತಳು. "ಅವ್ವಾ, ನೀರು ಹೋಯ್ತು."

ವಾರ್ಡಿನ ಬಾಗಿಲಲ್ಲಿ ಇದ್ದವಳು ಲುಸುಂಗು. ನರ್ಸ್ ಎಂದರೆ ಅವಳೊಬ್ಬಳೇ. ಇನ್ನೊಬ್ಬ ನರ್ಸ್ ಕಷ್ಟದಲ್ಲಿದ್ದ ಬಸುರಿಯೊಬ್ಬಳನ್ನು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಳು, ಮೂರನೆಯವಳಿಗೆ ರಜೆ.

"ಯಾರ ಕಡೆಯವರು?" ಎಂದ ಲುಸುಂಗು ತಲೆ ಎತ್ತಿದಳು. ಎಲೆಸಿಯನ್ನು ಕಂಡಳು.

"ನನ್ನ ಮಗಳು," ಎಂದಳು ಎಲೆಸಿ.

ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊಳೆಯಾಚೆಯ ಆಸ್ಪತ್ರೆಗೆ ಹೋಗಿಬಿಡಲೇ ಎಂಬ ಯೋಚನೆ ಎಲೆಸಿಯ ತಲೆಯಲ್ಲಿ ಹಾದುಹೋಯಿತು. ಅಷ್ಟರಲ್ಲಿ ಫೈನೆಸಿಗೆ ಮತ್ತೊಂದು ಬೇನೆ ಬಂದು ಅವಳು ಚಿತೆಂಜೆ ಕಚ್ಚಿದಳು. ಲುಸುಂಗು ಅವಳ ರಟ್ಟೆ ಹಿಡಿದಳು. "ಇವಳು ಒಳಗೆ ಬರ್ಲಿ. ನೀವು ಹೊರಗಿರಿ."

ಜಗಲಿಯ ಬೆಂಚು ಹೆರಿಗೆ ಕೋಣೆಯ ಕಿಟಕಿಯ ಕೆಳಗೇ ಇತ್ತು. ಕಿಟಕಿಗೆ ಬಟ್ಟೆ ಇಳಿಬಿಟ್ಟಿದ್ದರು. ಕಾಣುವುದೇನೂ ಇಲ್ಲ, ಕೇಳುವುದು ಎಲ್ಲ. ಬಿಸಿಲು ಅಂಗಳದ ಮಾವಿನ ಬುಡದಿಂದ ಜಗಲಿಯ ಅಂಚಿಗೆ ಬರುವವರೆಗೆ ಎಲೆಸಿ ಮಿಸುಕದೆ ಕೂತಳು. ಕೊನೆಗೆ ಮಗುವಿನ ಅಳು ಕೇಳಿಸಿತು, ಜೋರಾದ, ಸಿಟ್ಟಿನ ಅಳು. ಎಲೆಸಿ ಎದ್ದು ನಿಂತು ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಚಾವಡಿಯ ಕಡೆಯಿಂದ ಹೆಂಗಸರು ನಾಲಿಗೆ ಅಲುಗಿಸಿ ಸಂತೋಷದ ಉಲುಲು ಹಾಕಿದರು.

ಆಮೇಲೆ ಒಳಗಿನ ಸದ್ದು ಬದಲಾಯಿತು.

ಬಕೆಟ್ಟನ್ನು ಕಾಲಿನಿಂದ ಎಳೆದ ಸದ್ದು. ಚಪ್ಪಲಿಗಳ ಅವಸರದ ಓಡಾಟ. ಔಷಧಿಯ ಬಂಡಿಯ ಡ್ರಾಯರ್ ತೆರೆದು ಮತ್ತೆ ಮುಚ್ಚದೇ ಉಳಿದದ್ದು. ಬಾಗಿಲು ತೆರೆದು ಆಯಾ ಒಬ್ಬಳು ಆಪರೇಷನ್ ಕೋಣೆಯ ಕಡೆ ಓಡಿದಳು. ಈ ಸದ್ದುಗಳ ನಡುವೆ ಅವಳು ಎಷ್ಟು ಸಲ ಮಲಗಿದ್ದಳೋ ಲೆಕ್ಕವಿಲ್ಲ. ಆದರೆ ಪ್ರತಿಸಲವೂ ನಲ್ಲಿ ಅವಳ ಕೈಯಲ್ಲಿತ್ತು. ಸಾಕೆನಿಸಿದಾಗ ನಿಲ್ಲಿಸುತ್ತಿದ್ದಳು, ಎದ್ದು ಕೈಕಾಲು ತೊಳೆದು ಮನೆಗೆ ಹೋಗುತ್ತಿದ್ದಳು.

ಒಳಗಿನಿಂದ ಲುಸುಂಗುವಿನ ದನಿ ಬಂತು. ಒರಟಾದ, ಉರು ಹೊಡೆದಂಥ ದನಿ. "ಫೈನೆಸಿ, ನಿನ್ನ ಹೊಟ್ಟೆ ಉಜ್ತಿದೀನಿ. ನೋವಾಗುತ್ತೆ, ತಡ್ಕೋ. ಫೈನೆಸಿ, ಈಗ ತೊಡೆಗೆ ಒಂದು ಸೂಜಿ. ಗರ್ಭಕೋಶ ಕುಗ್ಗೋಕೆ."

ಎಲೆಸಿ ಕಿಟಕಿಯ ಕಂಬಿ ಹಿಡಿದಳು. ಮಾತು ಬೇಕೆಂದು ಹಟ ಹಿಡಿದವಳೇ ಅವಳು. ಈಗ ಆ ಒಂದೊಂದು ಮಾತೂ ಎದೆಗೆ ಚುಚ್ಚಿತು. ಬಾಯಿ ಮುಚ್ಚೇ, ರಕ್ತ ನೋಡೇ, ನಿನ್ನ ಕೈ ಎಲ್ಲಿ ಹೋಯಿತೇ ಎಂದು ಕೂಗಬೇಕೆನಿಸಿತು. ಚಿನ್ನದಂಥ ಕೈಯನ್ನು ನಾನೇ ಕೆಡಿಸಿದೆನೇ? ಇವಳು ಮಾತು ಹುಡುಕುತ್ತ ತಡ ಮಾಡಿದರೆ ಆ ಪಾಪ ಯಾರದ್ದು? ಅಥವಾ ಬೇಕೆಂದೇ... ಆ ಯೋಚನೆಯನ್ನು ಅವಳು ಪೂರ್ತಿ ಮಾಡಲಿಲ್ಲ.

ಆಯಾ ಓಡಿಬಂದು ಒಳಹೊಕ್ಕವಳು ಮತ್ತೆ ಹೊರಗೋಡಿದಳು. ಲುಸುಂಗುವಿನ ದನಿ ನಿಂತಿತು. ಒಳಗೆ ಮಗು ಮಾತ್ರ ಅಳುತ್ತಿತ್ತು.

"ಅಮಾಯಿ!" ಲುಸುಂಗು ಕೂಗಿದಳು. "ಎಲೆಸಿ ಅಮಾಯಿ! ಒಳಗೆ ಬನ್ನಿ, ಬೇಗ!"

ಒಳಗೆ ಹೋದ ಎಲೆಸಿ ಮೊದಲು ಕಂಡದ್ದು ನೆಲ. ಆ ಕೆಂಪು ಅಭ್ಯಾಸದ ಕೋಣೆಯ ಕೆಂಪಾಗಿರಲಿಲ್ಲ. ಕಪ್ಪಗೆ, ಮಂದವಾಗಿ, ಬೆಚ್ಚನೆಯ ವಾಸನೆಯದಾಗಿತ್ತು. ಲುಸುಂಗು ಫೈನೆಸಿಯ ಕಾಲುಗಳ ನಡುವೆ ನಿಂತಿದ್ದಳು. ಒಂದು ಮುಷ್ಟಿ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಎರಡರ ನಡುವೆ ಗರ್ಭಕೋಶವನ್ನು ಒತ್ತಿ ಹಿಡಿದಿದ್ದಳು. ಅವಳ ಕುತ್ತಿಗೆಯ ನರಗಳು ಹುರಿಗಟ್ಟಿದ್ದವು.

"ನಾನು ಕೈ ತೆಗೆದ್ರೆ ಮತ್ತೆ ಸುರಿಯುತ್ತೆ. ಡಾಕ್ಟ್ರು ಆಪರೇಷನ್ ಮಧ್ಯದಲ್ಲಿದ್ದಾರಂತೆ. ಆಯಾನ್ನ ಲ್ಯಾಬಿಗೆ ಓಡಿಸಿದೀನಿ, ರಕ್ತ ಕೇಳೋಕೆ. ನೀವು ಆ ಡ್ರಿಪ್ ಪೂರ್ತಿ ಬಿಡಿ. ಅಲ್ಲಿ, ನಳಿಗೆ ಮೇಲಿನ ಆ ಚಕ್ರ!"

ಎಲೆಸಿ ಚಕ್ರ ಹಿಡಿದಳು. ಇಷ್ಟು ವರ್ಷ ಅದರ ಕೆಳಗೆ ಮಲಗಿದ್ದಳೇ ಹೊರತು ಒಂದು ದಿನವೂ ಮುಟ್ಟಿರಲಿಲ್ಲ. ತಿರುಗಿಸಿದಳು. ಹನಿ ನಿಂತೇ ಹೋಯಿತು.

"ಆ ಕಡೆ ಅಲ್ಲ! ಮೇಲಕ್ಕೆ, ಮೇಲಕ್ಕೆ ತಳ್ಳಿ!"

ಬೆರಳು ಜಾರಿತು. ಮತ್ತೆ ತಳ್ಳಿದಳು. ಹನಿಗಳು ಒಂದಕ್ಕೊಂದು ಅಂಟಿ ದಾರದಂತೆ ಇಳಿಯತೊಡಗಿದವು.

"ಈಗ ಚಿಲೊಮೊ ಮೇಡಂಗೆ ಫೋನ್ ಮಾಡಿ. ಶಾಲೇಲಿರೋ ಬಲೂನು ತನ್ನಿ ಅನ್ನಿ. ಅಷ್ಟೇ ಹೇಳಿ, ಅವರಿಗೆ ಗೊತ್ತಾಗುತ್ತೆ."

ಫೋನು ಒಮ್ಮೆ ಎಲೆಸಿಯ ಕೈಯಿಂದ ಜಾರಿ ಕೆಳಗೆ ಬಿತ್ತು. ಎತ್ತಿಕೊಂಡು, ಒರೆಸಿ, ಒತ್ತಿದಳು. "ಮೇಡಂ, ಬಲೂನು. ಹೆರಿಗೆ ವಾರ್ಡಿಗೆ. ನನ್ನ ಮಗಳು ಮೇಡಂ..." ಆ ಕಡೆ ಫೋನು ಕೂಡಲೇ ಕಡಿದುಹೋಯಿತು. ಶಾಲೆ ರಸ್ತೆಯಾಚೆಯೇ ಇತ್ತು.

ಫೈನೆಸಿಯ ತುಟಿಗಳು ಬಿಳಚಿದ್ದವು. ಕಣ್ಣು ತೆರೆದು ಅವ್ವನನ್ನು ಹುಡುಕಿದಳು. "ಅವ್ವಾ... ನಾನು ಸಾಯ್ತೀನಾ?"

ಎಲೆಸಿ ಬಾಯಿ ತೆರೆದಳು. ಎಷ್ಟೋ ಹುಡುಗಿಯರಿಗೆ, ಹೇಳಬೇಕಮ್ಮಾ, ತಾಯಿ ಕೇಳಿದಾಗ ಉತ್ತರ ಕೊಡಬೇಕು ಎಂದು ಬುದ್ಧಿ ಹೇಳಿದ್ದವಳ ಗಂಟಲಿನಿಂದ ಒಂದಕ್ಷರವೂ ಹೊರಡಲಿಲ್ಲ. ಮಗಳ ಹಣೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಆ ಹಳೆಯ ನರ್ಸಿನ ಹಾಗೆಯೇ.

"ಇಲ್ಲ ಫೈನೆಸಿ," ಎಂದಳು ಲುಸುಂಗು. ಈ ಸಲ ಅದು ಉರು ಹೊಡೆದ ದನಿಯಾಗಿರಲಿಲ್ಲ. ಅವಳ ಊರಿನ ಗಡಸು ಅದರಲ್ಲಿ ಹಾಗೆಯೇ ಇತ್ತು. "ನನ್ನ ಕಡೆ ನೋಡು. ನಿನ್ನ ಗರ್ಭಕೋಶಕ್ಕೆ ಸುಸ್ತಾಗಿದೆ, ಬಿಗಿ ಹಿಡಿಯೋಕೆ ಆಗ್ತಿಲ್ಲ. ಅದರ ಬದಲು ನಾನು ಹಿಡ್ಕೊಂಡಿದೀನಿ. ಮೇಡಂ ಬರೋವರೆಗೂ ಬಿಡಲ್ಲ. ಮಗಳು ಚೆನ್ನಾಗಿದಾಳೆ, ಕೇಳ್ತಿದೆಯಲ್ಲ, ಮನೆ ಹಾರಿಹೋಗೋ ಹಾಗೆ ಅಳ್ತಿದಾಳೆ. ಯಾರ ಗಂಟಲು ಅದು?"

"ಅವ್ವಂದು," ಎಂದಳು ಫೈನೆಸಿ. ಕಣ್ಣು ಮುಚ್ಚಲು ಹೋದಳು.

"ಮುಚ್ಬೇಡ. ನಿನ್ನವ್ವ ಸಂತೇಲಿ ಹೇಗೆ ಕೂಗ್ತಾಳೆ ಹೇಳು."

"ಮಂದಾಸಿ..." ಎಂದಳು ಫೈನೆಸಿ, ಉಸಿರಿನಲ್ಲೇ.

ಲುಸುಂಗುವಿನ ಮೊಣಕೈ ಅದುರತೊಡಗಿತು. ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಎಲೆಸಿ ತನ್ನ ಚಿತೆಂಜೆಯ ತುದಿಯಿಂದ ಅವಳ ಹಣೆ ಒರೆಸಿದಳು. ಲುಸುಂಗು ಅವಳ ಕಡೆ ನೋಡಲಿಲ್ಲ. "ನನ್ನ ಬೆನ್ನಿಗೆ ಒತ್ತಿ ನಿಂತ್ಕೊಳ್ಳಿ. ಕಾಲು ಜಾರ್ತಿದೆ," ಎಂದಳು ಅಷ್ಟೆ. ಎಲೆಸಿ ಅವಳ ಬೆನ್ನಿಗೆ ತನ್ನ ಹೆಗಲು ಕೊಟ್ಟು ನಿಂತಳು. ಆ ಹುಡುಗಿಯ ಎದೆಬಡಿತ ತನ್ನ ಹೆಗಲಿಗೆ ಗುದ್ದುತ್ತಿರುವುದು ಅವಳಿಗೆ ತಿಳಿಯಿತು. ಇವಳಿಗೂ ನನ್ನಷ್ಟೇ ಹೆದರಿಕೆಯಿದೆ ಎಂದುಕೊಂಡಳು. ಆ ಅರಿವಿನಿಂದ ಧೈರ್ಯವೇನೂ ಬರಲಿಲ್ಲ, ಆದರೆ ಹೆಗಲನ್ನು ಇನ್ನಷ್ಟು ಒತ್ತಿದಳು.

ಚಿಲೊಮೊ ಮೇಡಂ ಬಂದಾಗ ಅವರ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಕೈ ತೊಳೆದು, ಗ್ಲೌಸ್ ಹಾಕಿ, ಲುಸುಂಗು ಮುಷ್ಟಿ ತೆಗೆಯುತ್ತಿದ್ದ ಹಾಗೆ ಬಲೂನನ್ನು ಗರ್ಭಕೋಶದೊಳಗಿಟ್ಟು, ಒಳಗಿನಿಂದ ಒತ್ತಿ ಹಿಡಿಯುವಂತೆ ನೀರು ತುಂಬಿಸಿದರು. ಮೂವರೂ ಬಾಗಿ ನೋಡಿದರು. ಹರಿವು ಕಡಿಮೆಯಾಯಿತು. ಹನಿಯಾಯಿತು. ಮತ್ತೆ ಸ್ವಲ್ಪ ಹರಿದು ಎಲ್ಲರ ಉಸಿರು ಹಿಡಿಸಿ, ಕೊನೆಗೆ ನಿಂತಿತು. ಲುಸುಂಗು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. ಅವಳ ಬಲ ಮುಷ್ಟಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಎಲೆಸಿ ಪಕ್ಕದಲ್ಲಿ ಕೂತು ಒಂದೊಂದೇ ಬೆರಳನ್ನು ಬಿಡಿಸಿದಳು.

ಸಂಜೆ ಆಂಬುಲೆನ್ಸ್ ಮರಳಿತು. ಫೈನೆಸಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ರಕ್ತ ಕೊಟ್ಟರು. ಅವಳು ಬಹಳ ದಿನ ಮಂಚ ಬಿಟ್ಟು ಏಳಲಾರದೆ ಇದ್ದಳು, ಆದರೆ ಉಳಿದಳು. ಮಗುವಿನ ಗಂಟಲೂ ಉಳಿಯಿತು.

ಮನೆಗೆ ಮರಳಿದ ಮೇಲೆ ಎಲೆಸಿ ಒಂದು ಬುಟ್ಟಿ ಬಿಸಿ ಮಂದಾಸಿ, ಹುರಿದ ಉಸಿಪಾ ಮೀನು ಕಟ್ಟಿಕೊಂಡು ನರ್ಸುಗಳ ವಸತಿಗೆ ಹೋದಳು. ಲುಸುಂಗು ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುತ್ತಿದ್ದಳು. ಎಲೆಸಿ ಮೊಣಕಾಲೂರಿ ಎರಡೂ ಕೈಯಿಂದ ಬುಟ್ಟಿ ಮುಂದಿಟ್ಟಳು.

"ಏಳಿ ಅಮಾಯಿ, ನೀವು ದೊಡ್ಡವರು, ಹಾಗೆಲ್ಲ ಕೂರ್ಬೇಡಿ," ಎಂದಳು ಲುಸುಂಗು. ಸ್ವಲ್ಪ ಹೊತ್ತು ಬಟ್ಟೆ ಹಿಂಡಿದಳು. "ನಿಜ ಹೇಳ್ಲಾ? ನಿಮ್ಮ ಮೇಲಿನ ಕೋಪ ಹೋಗಿಲ್ಲ."

"ಇರ್ಲಿ."

"ಊರಲ್ಲಿ ನನ್ನಮ್ಮಂಗೆ ಕಣ್ಣು ಕಾಣಲ್ಲ. ಆ ಜಾಗ ಸಿಕ್ಕಿದ್ರೆ ದಿನಾ ಮನೆಗೆ ಹೋಗ್ಬೋದಿತ್ತು. ಮೂರು ತಿಂಗಳು ಬಿಟ್ಟು ಮತ್ತೆ ಬಾ ಅಂದ್ರಲ್ಲ, ಆ ಮೂರು ತಿಂಗಳು ಒಬ್ರಾದ್ರೂ ಏನಾದ್ರೂ ಕಲಿಸಿದ್ರಾ? ನೀವಾದ್ರೂ ಅಭ್ಯಾಸಕ್ಕೆ ಅಂತ ಒಂದ್ಸಲ ಮಲಗಿದ್ರಾ? ಒಬ್ಳೇ ಕನ್ನಡಿ ಮುಂದೆ ನಿಂತು ಮಾತಾಡಿದೆ, ಹುಚ್ಚಿ ಹಾಗೆ."

ಎಲೆಸಿ ಅಂಕ ಕೊಟ್ಟು ಮನೆಗೆ ಹೋಗುತ್ತಿದ್ದಳು. ಬಿದ್ದವಳು ಎಲ್ಲಿಗೆ ಹೋದಳೆಂದು ತಿರುಗಿ ನೋಡಿದವಳಲ್ಲ. "ಹಂಗೆ ಯೋಚ್ನೆ ಮಾಡ್ಲಿಲ್ಲ ಮಗಳೇ," ಎಂದಳು.

"ಮಾಡಿ ಈಗ," ಎಂದ ಲುಸುಂಗು ಬುಟ್ಟಿಯ ಬಟ್ಟೆ ಸರಿಸಿ ಒಂದು ಮಂದಾಸಿ ತೆಗೆದುಕೊಂಡಳು. ಕಚ್ಚಿದಳು. "ಆ ಮುದುಕಿಯಿಂದಾಗಿ ನನ್ನ ಹಲ್ಲೇ ಹೋಗ್ತಿತ್ತು," ಎಂದಳು. ಇಬ್ಬರೂ ನಗಲಿಲ್ಲ, ಆದರೆ ಬುಟ್ಟಿ ಖಾಲಿಯಾಗುವವರೆಗೆ ಒಟ್ಟಿಗೆ ಕೂತಿದ್ದರು.

ಎಲೆಸಿ ಚಿಲೊಮೊ ಮೇಡಂ ಹತ್ತಿರ ಹೋಗಿ, ಮೂರು ತಿಂಗಳ ನಿಯಮ ತೆಗೆದುಹಾಕಿ ಎಂದಳು. ಬಿದ್ದವಳಿಗೆ ಅದೇ ವಾರ ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು, ಎಷ್ಟು ಸಲ ಬೇಕಾದರೂ ತಾನು ಮಲಗುತ್ತೇನೆ ಎಂದಳು. ಮೇಡಂ ಮೇಲಿನವರ ಜೊತೆ ಸಾಕಷ್ಟು ಗುದ್ದಾಡಿ ಅದನ್ನು ಒಪ್ಪಿಸಿದರು. ಮೊದಲ ಸಲ ಮತ್ತೆ ಮಂಚವೇರಿದ ದಿನ ಎಲೆಸಿಗೆ ನಲ್ಲಿ ತಿರುಗಿಸಲಾಗದೆ, ಹೊಟ್ಟೆ ಬಿಚ್ಚಿಟ್ಟು ಹೊರಗೆ ಹೋಗಿ ಕೂತದ್ದೂ ಉಂಟು. ನಿಧಾನವಾಗಿ ಕೈ ಮಾತು ಕೇಳಿತು.

ಲುಸುಂಗುವಿಗೆ ಎರಡು ವರ್ಷಗಳ ಮೇಲೆ ಕರೊಂಗಕ್ಕೆ ವರ್ಗವಾಯಿತು. ಎಲೆಸಿ ಈಗಲೂ ಹುಡುಗಿಯರನ್ನು ಬೀಳಿಸುತ್ತಾಳೆ. ಕಳೆದ ತಿಂಗಳು ಒಬ್ಬಳು ಕೆಂಪು ನೀರಿನಲ್ಲಿ ನಿಂತು ಗೊಳೋ ಎಂದು ಅತ್ತಳು. ಎಲೆಸಿ ಮಂಚದ ಮೇಲಿಂದಲೇ ಕೈ ಚಾಚಿ ಅವಳ ಏಪ್ರನ್ ಎಳೆದಳು.

"ಅಳೋದು ಆಮೇಲೆ. ಆ ಚೀಲಕ್ಕೆ ಮತ್ತೆ ಕೆಂಪು ನೀರು ತುಂಬ್ಸು. ನಂಗೆ ಸಂಜೆವರೆಗೂ ಬೇರೆ ಕೆಲ್ಸ ಏನೂ ಇಲ್ಲ."